ಚರ್ಮದ ನೆನಪು, ವಂಶದ ಮೇಲಣ ಅಪವಾದ

ಸೋರಿಯಾಸಿಸ್ ಎಂಬ ಚರ್ಮವ್ಯಾಧಿಯು ಮನೆಯಲ್ಲೊಬ್ಬರಿಗೆ ಕಾಣಿಸಿಕೊಂಡರೆ ಸಾಕು, ಅದು ವಂಶದ ದೋಷವೆಂದು ನಮ್ಮ ಜನ ನಿರ್ಣಯಿಸಿಬಿಡುತ್ತಾರೆ. ಹೆಣ್ಣು ಕೊಡಲೂ ತರಲೂ ಹಿಂಜರಿಯುತ್ತಾರೆ. ಮುಟ್ಟಿದರೆ ಅಂಟೀತೆಂಬ ಭಯ ಬೇರೆ. ಅಂಟುವ ಮಾತಂತೂ ಸರ್ವಥಾ ಸುಳ್ಳು. ವಂಶದ ಮಾತಿನಲ್ಲಿ ಅರ್ಧ ಸತ್ಯವುಂಟು. ಆ ಅರ್ಧ ಸತ್ಯವೇ ಹೆಚ್ಚು ಕೇಡು ಮಾಡುತ್ತಿದೆಯೆಂಬುದು ನಮ್ಮ ಅಭಿಪ್ರಾಯ.

ಆರನೆಯ ಕ್ರೋಮೋಸೋಮಿನಲ್ಲಿರುವ ಎಚ್.ಎಲ್.ಎ.-ಸಿ ಎಂಬ ಜೀನಿನ ಒಂದು ರೂಪವು ಈ ರೋಗಕ್ಕೆ ಹಾದಿ ಮಾಡಿಕೊಡುವುದು ನಿಜ. ಆದರೆ ಅದನ್ನು ಹೊತ್ತವರಲ್ಲಿ ಬಹುಮಂದಿಗೆ ರೋಗವೇ ಬರುವುದಿಲ್ಲ. ಒಂದೇ ಅಂಡದಿಂದ ಹುಟ್ಟಿದ ಅವಳಿಗಳಲ್ಲಿ ಒಬ್ಬನ ಮೊಣಕೈ ಮೊಣಕಾಲುಗಳ ಮೇಲೆ ಬಿಳಿಯ ಹೊಟ್ಟೇಳುವ ಕೆಂಪು ಮಚ್ಚೆಗಳು ತುಂಬಿದ್ದರೂ ಇನ್ನೊಬ್ಬನ ಮೈ ನಿರ್ಮಲವಾಗಿರುವುದುಂಟು. ಅಷ್ಟೇಕೆ, ಒಬ್ಬನದೇ ಮೈಯಲ್ಲಿ ಮೊಣಕೈ ಕೆಟ್ಟು ಮುಂಗೈ ಚೆನ್ನಾಗಿರುತ್ತದೆ. ಎರಡೂ ಕಡೆಯ ಡಿ.ಎನ್.ಎ. ಒಂದೇ ಅಲ್ಲವೆ? ಭೇದವಿರುವುದು ಯಾವ ಜೀನು ಯಾವಾಗ ಎಷ್ಟು ದುಡಿಯಬೇಕೆಂಬ ನಿಯಂತ್ರಣದಲ್ಲಿ. ಡಿ.ಎನ್.ಎ. ಎಳೆಯು ಪ್ರೋಟೀನಿನ ಉಂಡೆಗಳಿಗೆ ಸುತ್ತಿಕೊಂಡಿರುತ್ತದೆ. ಬಿಗಿಯಾಗಿ ಸುತ್ತಿದೆಡೆ ಜೀನು ಮೌನ; ಸುತ್ತು ಸಡಿಲವಾದೆಡೆ ಅದು ಕೆಲಸಕ್ಕೆ ಸಿದ್ಧ. ಇಂಟರ್‌ಲ್ಯೂಕಿನ್-17 ಮೊದಲಾದ ಉರಿಯೂತದ ಸಂಕೇತಗಳು ಮುಟ್ಟಿದಾಗ ಮೌನವಾಗಿದ್ದ ಎಷ್ಟೋ ಜೀನುಗಳು ಎಚ್ಚರಗೊಳ್ಳುತ್ತವೆ. ತಳದಿಂದ ಮೇಲ್ಪದರಕ್ಕೆ ಬರಲು ಸುಮಾರು ಒಂದು ತಿಂಗಳು ಹಿಡಿಯುತ್ತಿದ್ದ ಚರ್ಮದ ಕೋಶವು ಕೆಲವೇ ದಿನಗಳಲ್ಲಿ ಬಂದುಬಿಡುತ್ತದೆ. ಹೊಟ್ಟಿನ ಕಾರಣವಿದು.

ಉರಿಯೂತವು ಶಮನವಾದ ಬಳಿಕ ಏನಾಗುತ್ತದೆ? 2017ರಲ್ಲಿ ನ್ಯೂಯಾರ್ಕಿನ ರಾಕೆಫೆಲರ್ ವಿಶ್ವವಿದ್ಯಾನಿಲಯದ ಶ್ರುತಿ ನಾಯಕ್, ಎಲೇನ್ ಫುಕ್ಸ್ ಮತ್ತು ಅವರ ಸಂಗಡಿಗರು ಇಲಿಗಳ ಚರ್ಮದಲ್ಲಿ ಇದನ್ನು ಪರೀಕ್ಷಿಸಿದರು. ಉರಿ ಆರಿ ಚರ್ಮವು ನೋಡುವುದಕ್ಕೆ ಮೊದಲಿನಂತೆಯೇ ಆದಮೇಲೂ ಅದರ ಕಾಂಡಕೋಶಗಳಲ್ಲಿ ಕೆಲವು ಸುತ್ತುಗಳು ತಿಂಗಳುಗಟ್ಟಲೆ ಸಡಿಲವಾಗಿಯೇ ಉಳಿದಿದ್ದವು. ಮತ್ತೆ ಗಾಯ ಮಾಡಿದಾಗ ಆ ಚರ್ಮವು ಬೇಗನೆ ಮಾಯಿತು. ನೆನಪೆಂಬುದು ಮಿದುಳಿನ ಸ್ವತ್ತೆಂದು ತಿಳಿದಿದ್ದ ನಮಗೆ ಇದು ಸೋಜಿಗವೇ ಸರಿ! ಗಾಯ ಮಾಯಿಸುವ ಈ ನೆನಪೇ ರೋಗಿಯಲ್ಲಿ ಉರಿಯೂತವು ಮರುಕಳಿಸಲೂ ನೆರವಾಗಬಹುದೆಂದು ಊಹಿಸಲು ಕಾರಣವುಂಟು. ವಾಸಿಯಾದ ಮಚ್ಚೆಯ ಜಾಗದಲ್ಲಿ ಹಳೆಯ ಟಿ-ಕೋಶಗಳೂ ಬೀಡುಬಿಟ್ಟಿರುತ್ತವೆ. ಅದೇ ಮೊಣಕೈಯಲ್ಲಿ ಅದೇ ಮಚ್ಚೆ ಮರಳಿ ಬರುವುದು ಪೂರ್ವಾರ್ಜಿತ ಕರ್ಮದಿಂದಲ್ಲ.

ಆದ್ದರಿಂದ ಮೈ ತಿಳಿಯಾದೊಡನೆ ರೋಗ ನೀಗಿತೆಂದು ವೈದ್ಯರನ್ನು ಬಿಡುವುದು ತರವಲ್ಲ. ಅಂಗಡಿಯಿಂದ ಸ್ಟಿರಾಯ್ಡು ಮುಲಾಮು ಕೊಂಡು ತಾವೇ ಹಚ್ಚಿಕೊಳ್ಳುವ ನಮ್ಮ ರೂಢಿಯಂತೂ ಅದಕ್ಕಿಂತ ಕೆಟ್ಟದು. ಸ್ಟಿರಾಯ್ಡು ಸಹ ಕೋಶಕೇಂದ್ರವನ್ನು ಹೊಕ್ಕು ಜೀನುಗಳ ದುಡಿಮೆಯನ್ನೇ ತಿದ್ದುವ ಔಷಧ. ತಿಳಿದವರ ಕೈಯಲ್ಲಿ ಬಹಳ ಉಪಕಾರಿ. ಅಳತೆಯಿಲ್ಲದೆ ಹಚ್ಚಿದರೆ ಚರ್ಮವು ತೆಳುವಾಗುತ್ತದೆ; ಥಟ್ಟನೆ ನಿಲ್ಲಿಸಿದರೆ ರೋಗ ಉಲ್ಬಣಿಸಬಹುದು. ಇಂಥ ಹಲವು ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಕೂಡದೆಂದು ಭಾರತ ಸರ್ಕಾರವು 2018ರಲ್ಲಿ ವಿಧಿಸಿತು. ಚೀಟಿ ಕೇಳುವ ಅಂಗಡಿಯವನನ್ನು ಬಿಟ್ಟು, ಕೇಳದವನನ್ನು ಹುಡುಕಿಕೊಂಡು ಹೋಗುವವರು ನಾವೇ.