ಯಾವ ಚುರುಕು?
ಯೋಗ ದಿನದ ವಾರ ಗೋವಾದ ವಾಸ್ಕೋದಲ್ಲೊಂದು ಶಿಬಿರದ ಪೋಸ್ಟರ್ ಕಂಡೆ: ಪ್ರಾಣಾಯಾಮ ಮಾಡಿದರೆ ಹದಿಹರೆಯದವರ ಬುದ್ಧಿ ಚುರುಕಾಗುತ್ತದಂತೆ. ಉತ್ತರ ಕರ್ನಾಟಕದಿಂದ ಬಂದು ನೆಲೆಸಿದ ಇಲ್ಲಿನ ತಾಯ್ತಂದೆಯರು ಅದನ್ನು ಹತ್ತನೇ ತರಗತಿಯ ಅಂಕಗಳೆಂದೇ ಓದುತ್ತಾರೆ. ಸ್ವಲ್ಪ ತಾಳಿ, ಯಾವ ಚುರುಕು? ಪುದುಚೇರಿಯ ಸಂಶೋಧಕರು 22 ಶಾಲಾ ಹುಡುಗರಿಂದ ಮುಖ ಭಸ್ತ್ರಿಕಾ, ಅಂದರೆ ತಿದಿ ಒತ್ತಿದಂತೆ ಬಾಯಿಂದ ರಭಸವಾಗಿ ಉಸಿರು ಬಿಡುವ ಕ್ರಮ, ಮಾಡಿಸಿ 2003ರಲ್ಲಿ ಫಲಿತಾಂಶ ಪ್ರಕಟಿಸಿದರು. ಬೆಳಕಿಗೂ ಸದ್ದಿಗೂ ಹುಡುಗರು ಮೊದಲಿಗಿಂತ ಬೇಗ ಸ್ಪಂದಿಸಿದ್ದರು. ನಿಜ, ಆದರೆ ಅದು ಬೆರಳಿನ ಚುರುಕು, ಸೆಕೆಂಡಿನ ಚೂರುಗಳ ಲೆಕ್ಕ, ಅದೂ ಅಭ್ಯಾಸ ಮುಗಿದ ಕೂಡಲೇ ಅಳೆದದ್ದು. 11 ಮೀಟರ್ ದೂರದಿಂದ ನುಗ್ಗುವ ಪೆನಾಲ್ಟಿ ತಡೆಯಲು ನಿಂತ ಗೋವಾದ ಗೋಲ್‌ಕೀಪರ್ ಹುಡುಗನಿಗೆ ಆ ಚೂರೇ ಸರ್ವಸ್ವ. 2025ರ ನವೆಂಬರಿನಲ್ಲಿ ಇದೇ ಗೋವಾದಲ್ಲಿ ಚೆಸ್ ವಿಶ್ವಕಪ್ ಗೆದ್ದ 19ರ ಹರೆಯದ ಜಾವೊಖಿರ್ ಸಿಂದಾರೊವ್‌ನ ಆಟ ಬೇರೆ: ಮೊದಲು ಹೊಳೆದ ನಡೆಯತ್ತ ಚಾಚಿದ ಕೈಯನ್ನು ಹಿಂದೆಳೆದುಕೊಳ್ಳುವುದೂ ಅಲ್ಲಿ ಬುದ್ಧಿಯೇ. ಗಣಿತದ ಪ್ರಶ್ನೆಪತ್ರಿಕೆ ಈ ಎರಡನೆಯವನ ಕಡೆಯ ನೆಂಟ. ಶಿಬಿರದವರು ಪೋಸ್ಟರನ್ನು ಫುಟ್‌ಬಾಲ್ ಮೈದಾನದ ಬೇಲಿಗೆ ಅಂಟಿಸಿದ್ದರೆ ನನ್ನ ತಕರಾರೇ ಇರುತ್ತಿರಲಿಲ್ಲ. ಟ್ಯೂಷನ್ ಕ್ಲಾಸಿನ ಬಾಗಿಲಿಗೆ ಅಂಟಿಸಿದ್ದಾರೆ.