ಕೊಳ್ಳುವ ಮೊದಲು ಹೆಸರು ಕೇಳಿ

ಆನ್‌ಲೈನ್ ಅಂಗಡಿಗಳಲ್ಲಿ ‘ನವಾಹೊ ಸ್ಟೈಲ್’ ಎಂಬ ಬೆಳ್ಳಿ ಉಂಗುರಗಳನ್ನು ನೀವೂ ನೋಡಿರಬಹುದು. ಬೆಳ್ಳಿಯ ನಡುವೆ ಆಕಾಶನೀಲಿ ಕಲ್ಲಿನ ಚೂರುಗಳು, ಬೆಲೆಯೂ ಅಗ್ಗ. ಎಡವಟ್ಟು ಇರುವುದು ಆ ‘ಸ್ಟೈಲ್’ ಎಂಬ ಪದದಲ್ಲಿ.

ನವಾಹೊಗಳು ಅಮೆರಿಕದ ಅರಿಝೋನ, ನ್ಯೂ ಮೆಕ್ಸಿಕೊ, ಯೂಟಾ ಭಾಗದ ಮೂಲನಿವಾಸಿಗಳು. ತಮ್ಮನ್ನು ತಾವು ‘ದಿನೆ’ ಎಂದು ಕರೆದುಕೊಳ್ಳುತ್ತಾರೆ. 19ನೇ ಶತಮಾನದ ಮಧ್ಯಭಾಗದಲ್ಲಿ ಮೆಕ್ಸಿಕನ್ ಕಸುಬುದಾರರಿಂದ ಲೋಹದ ಕೆಲಸ ಕಲಿತರು; ಬೆಳ್ಳಿ ನಾಣ್ಯಗಳನ್ನೇ ಕರಗಿಸಿ ಒಡವೆ ಮಾಡಿದರು. ಕಲ್ಲು ಹುದುಗಿಸುವ ಇನ್‌ಲೇ ಕೆಲಸದಲ್ಲಿ ನೆರೆಯ ಝೂನಿಗಳದ್ದು ಎತ್ತಿದ ಕೈ. ಹೋಪಿ ಜನಾಂಗದ ಚಾರ್ಲ್ಸ್ ಲೊಲೊಮ ಅದಕ್ಕೆ ಹೊಸ ರೂಪ ಕೊಟ್ಟರು. ಜೆಸ್ಸಿ ಮೊನೊಂಗ್ಯೆ ಅವರಂಥ ನವಾಹೊ ಕಲಾವಿದರ ಕೈಯಲ್ಲಿ ಒಂದು ಪದಕದೊಳಗೆ ಇಡೀ ರಾತ್ರಿಯ ಆಕಾಶವೇ ಬಂದು ಕೂತಿತು.

ಕೆಲಸ ನೋಡಿದರೆ ತಾಳ್ಮೆಯ ಬೆಲೆ ತಿಳಿಯುತ್ತದೆ. ಬೆಳ್ಳಿ ತಗಡಿನ ಮೇಲೆ ತೆಳು ಪಟ್ಟಿಗಳನ್ನು ಬೆಸೆದು ಸಣ್ಣ ಸಣ್ಣ ಮನೆಗಳನ್ನು ಮಾಡುತ್ತಾರೆ. ಪ್ರತಿ ಮನೆಗೂ ಹೊಂದುವಂತೆ ಕಲ್ಲನ್ನು ವಜ್ರದ ಗರಗಸದಲ್ಲಿ ಕೊಯ್ದು, ಚಕ್ರಕ್ಕೆ ಹಿಡಿದು ಉಜ್ಜುತ್ತಾರೆ. ಕೂದಲೆಳೆಯಷ್ಟು ಸಂದು ಉಳಿದರೂ ಕಣ್ಣಿಗೆ ಹೊಡೆಯುತ್ತದೆ. ಆಮೇಲೆ ಅಂಟಿಸಿ, ಕಲ್ಲು-ಬೆಳ್ಳಿ ಒಂದೇ ಮಟ್ಟಕ್ಕೆ ಬರುವಂತೆ ಅರೆದು, ಹೊಳಪು ಕೊಡುತ್ತಾರೆ. ಬಿಳಿ ಚಿಪ್ಪು, ಟರ್ಕ್ವಾಯ್ಸ್, ಅಬಲೋನ್, ಕಪ್ಪು ಜೆಟ್ ಇವು ನವಾಹೊಗಳಿಗೆ ನಾಲ್ಕು ದಿಕ್ಕುಗಳನ್ನು ಸೂಚಿಸುವ ಪವಿತ್ರ ವಸ್ತುಗಳು. ಈಗ ಇವುಗಳ ಜೊತೆಗೆ ಮೆಡಿಟರೇನಿಯನ್ ಹವಳ, ಅಫ್ಘಾನಿಸ್ತಾನದ ಲ್ಯಾಪಿಸ್, ಆಸ್ಟ್ರೇಲಿಯಾದ ಓಪಲ್ ಕೂಡ ಸೇರಿವೆ. ಪರಂಪರೆ ಎಂದರೆ ನಿಂತ ನೀರಲ್ಲ.

ಇಂಥ ಕೆಲಸಕ್ಕೆ ದೊಡ್ಡ ಪೆಟ್ಟು ಕೊಡುತ್ತಿರುವುದು ನಕಲಿ. ಮೂಲನಿವಾಸಿಗಳು ಮಾಡದ ವಸ್ತುವನ್ನು ಅವರದ್ದೆಂದು ಮಾರುವುದು ಅಮೆರಿಕದ 1990ರ ಕಾನೂನಿನ ಪ್ರಕಾರ ಅಪರಾಧ. ಮೊದಲ ತಪ್ಪಿಗೇ 2,50,000 ಡಾಲರ್‌ವರೆಗೆ ದಂಡ, 5 ವರ್ಷದವರೆಗೆ ಜೈಲು. ಫಿಲಿಪೈನ್ಸ್‌ನಲ್ಲಿ ತಯಾರಾದ ಒಡವೆಯನ್ನು ಹಾಗೆ ಮಾರಿದ ನ್ಯೂ ಮೆಕ್ಸಿಕೊದ ವ್ಯಾಪಾರಿಯೊಬ್ಬನಿಗೆ 2018ರಲ್ಲಿ 6 ತಿಂಗಳ ಶಿಕ್ಷೆಯೂ ಆಯಿತು. ಆದರೆ ‘ಸ್ಟೈಲ್’ ಎಂದು ಸೇರಿಸಿ ನುಣುಚಿಕೊಳ್ಳುವವರನ್ನು ಹಿಡಿಯುವುದು ಕಷ್ಟ. ದಿನಗಟ್ಟಲೆ ಕೂತು ಕಲ್ಲು ಉಜ್ಜಿದವರು ಕಾರ್ಖಾನೆಯ ಬೆಲೆಗೆ ಮಾರಿ ಬದುಕುವುದು ಹೇಗೆ?

ಮೈಸೂರಿನ ಬೀಟೆ ಮರದ ಇನ್‌ಲೇಗೆ ಜಿಐ ಮಾನ್ಯತೆ ಇರುವುದೂ ಇಂಥದ್ದೇ ಕಾರಣಕ್ಕೆ. ಆದರೆ ಮಾನ್ಯತೆ, ಕಾನೂನು ಎಷ್ಟೇ ಇದ್ದರೂ ಕೊನೆಗೆ ದುಡ್ಡು ಕೊಡುವವರು ನಾವು. ಮುಂದಿನ ಸಲ ಇಂಥದ್ದೇನಾದರೂ ಕೊಳ್ಳುವಾಗ ಮೂರು ಪ್ರಶ್ನೆ ಕೇಳಿ: ಮಾಡಿದವರ ಹೆಸರೇನು? ಅವರು ಯಾವ ಸಮುದಾಯದವರು? ಕಲ್ಲು ಸಹಜವೋ, ಬಣ್ಣ ಹಾಕಿದ್ದೋ? ಉತ್ತರ ಕೊಡಲು ಅಂಗಡಿಯವರು ತಡವರಿಸಿದರೆ, ಅದೇ ಉತ್ತರ.