ಮಾಲಕರಿಗೂ ತಪಾಸಣೆ ಬೇಕು



ನಾವು ಹೋಟೆಲಿನವರು. ಬೆಳಿಗ್ಗೆ 5ಕ್ಕೆ ಎದ್ದು ಹಿಟ್ಟು ನೋಡುತ್ತೇವೆ, ರಾತ್ರಿ 12ಕ್ಕೆ ಲೆಕ್ಕ ಮುಗಿಸುತ್ತೇವೆ. ಭಟ್ಟರು ಹೇಳದೆ ಊರಿಗೆ ಹೋದರು, ಸಿಲಿಂಡರ್ ಬರಲಿಲ್ಲ, ಬಾಡಿಗೆ ಏರಿತು. ಚಿಂತೆಗೆ ರಜೆಯೇ ಇಲ್ಲ. ನೂರಾರು ಜನರಿಗೆ ಹೊತ್ತಿಗೆ ಸರಿಯಾಗಿ ಬಡಿಸುವ ನಾವು ಊಟ ಮಾಡುವುದು 4 ಗಂಟೆಗೆ, ಅದೂ ಗಲ್ಲಾದಲ್ಲೇ ಕೂತು.

ಎದೆ ಉರಿದರೆ 'ಗ್ಯಾಸ್' ಎಂದು ಸೋಡಾ ಕುಡಿದು ಸುಮ್ಮನಾಗುತ್ತಿದ್ದೆವು. ಒಂದು ದಿನ ತಲೆಸುತ್ತಿ ಡಾಕ್ಟರ ಹತ್ತಿರ ಹೋದಾಗ ಬಿ.ಪಿ. 170/110! ಚಿಂತೆ ಹೆಚ್ಚಿದಾಗ ಅಡ್ರಿನಲಿನ್, ಕಾರ್ಟಿಸಾಲ್ ಎಂಬ ಹಾರ್ಮೋನುಗಳು ಏರಿ ಎದೆಬಡಿತ, ರಕ್ತದೊತ್ತಡ ಹೆಚ್ಚುತ್ತದೆ. ದಿನವೂ ಹೀಗಾದರೆ ನಿದ್ರೆ, ಜೀರ್ಣಶಕ್ತಿ ಕೆಟ್ಟು ಹೃದಯಕ್ಕೂ ಅಪಾಯ ಎಂದು ಅವರು ತಿಳಿಸಿದರು.

ಈಗ ಮಾತ್ರೆ ತಪ್ಪಿಸುವುದಿಲ್ಲ. ಮಧ್ಯಾಹ್ನದ ಗರ್ದಿಗೆ ಮೊದಲೇ ಊಟ. ಸಂಜೆ ಮಗನನ್ನು ಗಲ್ಲಾದಲ್ಲಿ ಕೂರಿಸಿ ಅರ್ಧ ಗಂಟೆ ನಡಿಗೆ. ಚಹಾ ಎರಡೇ ಸಲ. ಹೋಟೆಲೇನೂ ಮುಳುಗಲಿಲ್ಲ. ಮಾಣಿಗಳ ಮೇಲೆ ರೇಗುವುದೂ ಕಡಿಮೆಯಾಗಿದೆ.

ಆಹಾರ ಲೈಸೆನ್ಸಿನ ನಿಯಮದಂತೆ ಕೆಲಸಗಾರರಿಗೆ ವರ್ಷಕ್ಕೊಮ್ಮೆ ವೈದ್ಯಕೀಯ ತಪಾಸಣೆ ಮಾಡಿಸುತ್ತೇವಲ್ಲವೇ? ಅದೇ ದಿನ ಅದೇ ಡಾಕ್ಟರಿಗೆ ನಾವೂ ತೋಳು ಕೊಟ್ಟು ಬಿ.ಪಿ., ಶುಗರ್ ನೋಡಿಸಿಕೊಂಡರೆ ನಷ್ಟವೇನು? ನಮ್ಮ ಸಂಘವೂ ಮಹಾಸಭೆಯ ದಿನ ಇಂಥ ಶಿಬಿರ ಇಟ್ಟರೆ ಉತ್ತಮ.

ಮತ್ತೊಂದು ಮಾತು. ಎದೆನೋವಿನ ಜತೆ ಬೆವರು ಬಂದರೆ, ನೋವು ಎಡಗೈಗೋ ದವಡೆಗೋ ಹರಡಿದರೆ ಅದನ್ನು ಗ್ಯಾಸ್ ಎನ್ನಬೇಡಿ. ಗಲ್ಲಾ ಬಿಟ್ಟು ಕೂಡಲೇ ಆಸ್ಪತ್ರೆಗೆ ಹೋಗಿ. ಗಿರಾಕಿ ನಾಳೆಯೂ ಬರುತ್ತಾನೆ, ಅವನಿಗೆ ಬಡಿಸಲು ನಾವಿರಬೇಕು.